ಡಾಲಿ ಪಾರ್ಟನ್ ಹಾಡು ಕೇಳೋಕೆ ಎಲ್ಲಿಂದ ಶುರು ಮಾಡ್ಬೇಕು, ಹೇಗೆ ಕೇಳ್ಬೇಕು

ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿ ಸೀಮೆಯ ಸಂಗೀತ) ಗಾಯಕಿ ಡಾಲಿ ಪಾರ್ಟನ್ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ಎರಡೇ ವಿಷ್ಯ ಗೊತ್ತಿರತ್ತೆ. ಒಂದು ಆ ಬಂಗಾರದ ಬಣ್ಣದ ದೊಡ್ಡ ವಿಗ್ಗು, ಇನ್ನೊಂದು ವಿಟ್ನಿ ಹ್ಯೂಸ್ಟನ್ ಹಾಡಿರೋ 'ಐ ವಿಲ್ ಆಲ್ವೇಸ್ ಲವ್ ಯೂ' ನಿಜವಾಗ್ಲೂ ಇವರದ್ದಂತೆ ಅನ್ನೋದು. ನಂಗೂ ಎಷ್ಟೋ ವರ್ಷ ಅಷ್ಟೇ ಗೊತ್ತಿದ್ದಿದ್ದು. ಆಮೇಲೆ ಒಂದು ರಾತ್ರಿ ಇವರದ್ದೊಂದು ಮೂರು ನಿಮಿಷದ ಹಾಡನ್ನ ಸಾಹಿತ್ಯ ಮುಂದಿಟ್ಕೊಂಡು ಕೇಳ್ದೆ, ಮುಗಿಯೋ ಹೊತ್ತಿಗೆ ಗಂಟಲು ಕಟ್ಟಿತ್ತು. ಅವತ್ತಿಂದ ಯಾರಾದ್ರೂ ಇಂಗ್ಲಿಷ್ ಹಾಡು ಕೇಳ್ತೀನಿ ಅಂದ್ರೆ ಸಾಕು, ಡಾಲಿ ಕೇಳಿ ಅಂತ ಹಿಂದೆ ಬೀಳ್ತೀನಿ, ಅವರು ಸರಿ ಅಂತ ಯಾವುದೋ ಹಿಟ್ಸ್ ಪ್ಲೇಲಿಸ್ಟ್ ಹಾಕ್ಕೊಂಡು ಎರಡು ಹಾಡಿಗೆ ಬೋರಾಗಿ ಬಿಟ್ಬಿಡ್ತಾರೆ. ತಪ್ಪು ಅವರದ್ದಲ್ಲ, ಶುರು ಮಾಡಿದ ಜಾಗದ್ದು. ಅದಕ್ಕೇ ಇದನ್ನ ಬರೀತಿರೋದು.

ಒಂದೇ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಉಳಿದಿದ್ದೆಲ್ಲಾ ಇದ್ರಿಂದಾನೇ ಬರೋದು. ಡಾಲೀನ ಮೊದಲು ಬರಹಗಾರ್ತಿ ಅಂತ ಕೇಳಿ, ಆಮೇಲೆ ಗಾಯಕಿ, ಆಮೇಲೆ ನಟಿ. ಅವರೇ ಹೇಳೋ ಲೆಕ್ಕದಲ್ಲಿ ಹತ್ತಿರ ಹತ್ತಿರ 3000 ಹಾಡು ಬರೆದಿದ್ದಾರೆ. ವಿಗ್ಗು, ಮಿನುಗೋ ಡ್ರೆಸ್ಸು, ಹೈ ಹೀಲ್ಸು, ಟಿವಿ ಶೋಗಳಲ್ಲಿ ನಗ್ಸೋದು, ಇದೆಲ್ಲಾ ನಿಜವಾಗ್ಲೂ ಅವರೇ, ಆದ್ರೆ ಅದು ಮನೆಯ ಮುಂಬಾಗಿಲು ಅಷ್ಟೇ. ಒಳಗಡೆ ಅಡುಗೆಮನೆ ಮೂಲೇಲಿ ಕೂತ್ಕೊಂಡು ಬರೀತಿರೋ ಒಬ್ಬ ಹುಡುಗಿ ಇದಾಳೆ, ನಾವು ಹೋಗ್ಬೇಕಾಗಿರೋದು ಅಲ್ಲಿಗೆ.

ಹಾಗಾಗಿ ಮೊದಲ ಹಾಡು 'ಕೋಟ್ ಆಫ್ ಮೆನಿ ಕಲರ್ಸ್', 1971ರದ್ದು. ಮೊದಲ ಸಲ ಸಾಹಿತ್ಯ ನೋಡ್ಬೇಡಿ, ಸುಮ್ನೆ ಕೇಳಿ. ಎರಡನೇ ಸಲ ಸಾಹಿತ್ಯ ತೆಗೆದಿಟ್ಕೊಂಡು ಕೇಳಿ, ಇಂಗ್ಲಿಷ್ ಅಷ್ಟು ಬರಲ್ಲ ಅನ್ನೋರಿಗೂ ಅರ್ಥ ಆಗತ್ತೆ, ಯಾಕಂದ್ರೆ ಅದ್ರಲ್ಲಿ ಐದನೇ ಕ್ಲಾಸಿನ ಮಗೂಗೆ ಗೊತ್ತಿಲ್ಲದ ಪದ ಹುಡುಕಿದ್ರೂ ಸಿಗಲ್ಲ. ಕಥೆ ಇಷ್ಟೇ. ಮನೇಲಿ ದುಡ್ಡಿಲ್ಲ, ಚಳಿಗಾಲ ಬರ್ತಿದೆ, ಯಾರೋ ಕೊಟ್ಟ ಒಂದು ಡಬ್ಬ ಬಟ್ಟೆ ಚೂರುಗಳನ್ನ ಅಮ್ಮ ಜೋಡಿಸಿ ಮಗಳಿಗೆ ಕೋಟು ಹೊಲಿತಾಳೆ, ಹೊಲಿತಾ ಹೊಲಿತಾ ಬೈಬಲ್ಲಿನ ಯೋಸೇಫನ ಬಣ್ಣಬಣ್ಣದ ಅಂಗಿ ಕಥೆ ಹೇಳ್ತಾಳೆ, ಮಗಳು ಅದನ್ನ ಹಾಕ್ಕೊಂಡು ಹೆಮ್ಮೆಯಿಂದ ಸ್ಕೂಲಿಗೆ ಹೋದ್ರೆ ಅಲ್ಲಿ ಎಲ್ಲಾ ಮಕ್ಕಳು ನಗ್ತಾರೆ. ನಮ್ಮಮ್ಮನ ತವರು ಗದಗದ ಕಡೆ, ಅಲ್ಲಿ ಅಜ್ಜಿ ಹಳೇ ಸೀರೆ, ಕುಬಸದ ಚೂರು, ಅಜ್ಜನ ಧೋತರ ಎಲ್ಲಾ ಸೇರಿಸಿ ಕೌದಿ ಹೊಲಿತಿದ್ರು, ಯಾವ ಚೂರು ಯಾರ ಬಟ್ಟೇದು ಅಂತ ಬೆರಳಿಟ್ಟು ತೋರಿಸ್ತಿದ್ರು. ಕೌದಿ ಹೊದ್ದು ಮಲಗಿದ ಯಾರಿಗೇ ಆಗ್ಲಿ ಈ ಹಾಡು ಅಮೆರಿಕದ್ದು ಅನ್ಸೋದೇ ಇಲ್ಲ.

ಮೂರನೇ ಸಲ ಕೇಳುವಾಗ ಒಂದು ವಿಷ್ಯ ಗಮನಿಸಿ. ಮಕ್ಕಳು ನಕ್ಕಾಗ ಆ ಹುಡುಗಿಗೆ ಸಿಟ್ಟು ಬರಲ್ಲ, ಅಳು ಬಂತು ಅಂತ ಹಾಡಲ್ಲಿ ಎಲ್ಲೂ ಹೇಳಲ್ಲ. ಅವಳಿಗೆ ಆಶ್ಚರ್ಯ ಆಗತ್ತೆ. ಇಷ್ಟು ಚಂದದ ಕೋಟು ನಿಮ್ಮ ಕಣ್ಣಿಗೆ ಯಾಕೆ ಕಾಣ್ತಿಲ್ಲ ಅಂತ ಅವರಿಗೆ ತಿಳಿಸಿ ಹೇಳೋಕೆ ನೋಡ್ತಾಳೆ. ಕೇಳೋರು ಅಳೋದು ಅಲ್ಲೇ. ಅಳಬೇಕಾದ ಜಾಗದಲ್ಲಿ ಪಾತ್ರಾನ ಅಳಿಸದೇ ಇರೋದು ಎಷ್ಟು ಕಷ್ಟ ಅಂತ ಒಂದು ಕಥೆ ಬರೆಯೋಕೆ ಕೂತವರಿಗೆ ಗೊತ್ತಾಗತ್ತೆ. ಇದನ್ನ ಡಾಲಿ ಬರೆದಿದ್ದು 1969ರಲ್ಲಿ ಟೂರ್ ಬಸ್ಸಲ್ಲಿ, ಕೈಗೆ ಪೇಪರ್ ಸಿಗದೆ ಪೋರ್ಟರ್ ವ್ಯಾಗನರ್ ಅವರ ಬಟ್ಟೆಯ ಡ್ರೈಕ್ಲೀನಿಂಗ್ ಬಿಲ್ ಹಿಂದೆ. ಆ ಪೋರ್ಟರ್ ಯಾರು ಅಂತ ಮುಂದೆ ಬರತ್ತೆ.

ಈ ಹಾಡು ಹಿಡಿಸಿದ್ರೆ ಅಲ್ಲಿಂದ ನೇರವಾಗಿ 'ಮೈ ಟೆನೆಸ್ಸೀ ಮೌಂಟನ್ ಹೋಮ್' ಅನ್ನೋ 1973ರ ಆಲ್ಬಮ್‌ಗೆ ಹೋಗಿ. ಹಾಡು ಹಾಡಾಗಿ ಹೆಕ್ಕಬೇಡಿ, ಶುರುವಿಂದ ಕೊನೆವರೆಗೆ ಒಂದೇ ಸಲ ಕೇಳಿ. ಇದು ಇವರ ಆತ್ಮಕಥೆ ಇದ್ದಂಗೆ. ಮೊದಲನೇದು ಹಾಡೇ ಅಲ್ಲ, ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಬಂದ ಹೊಸದ್ರಲ್ಲಿ ಅಪ್ಪ ಅಮ್ಮನಿಗೆ ಬರೆದ ಪತ್ರಾನ ಓದ್ತಾರೆ.

ಕೇಳೋಕೆ ಮುಂಚೆ ಸ್ವಲ್ಪ ಹಿನ್ನೆಲೆ ಗೊತ್ತಿದ್ರೆ ಒಳ್ಳೇದು. ಡಾಲಿ ಹುಟ್ಟಿದ್ದು 1946ರ ಜನವರಿ 19, ಟೆನೆಸ್ಸೀ ರಾಜ್ಯದ ಪೂರ್ವಕ್ಕೆ ಸ್ಮೋಕಿ ಬೆಟ್ಟಗಳ ಸೆವಿಯರ್ ಕೌಂಟಿಯಲ್ಲಿ, ಲಿಟಲ್ ಪಿಜನ್ ನದಿ ದಡದ ಒಂದೇ ಕೋಣೆಯ ಮರದ ಮನೇಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಅಪ್ಪ ರಾಬರ್ಟ್ ಲೀ ಮೊದಮೊದಲು ಬೇರೆಯವರ ಹೊಲ ಪಾಲಿಗೆ ಮಾಡ್ತಿದ್ರು, ಆಮೇಲೆ ಸ್ವಂತದ್ದೊಂದಿಷ್ಟು ಜಮೀನು, ತಂಬಾಕು ಬೆಳೆ, ಓದು ಬರಹ ಬರ್ತಿರ್ಲಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡೋಕೆ ದುಡ್ಡಿಲ್ಲದೆ ಅಪ್ಪ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ರು. ಆ ಡಾಕ್ಟರ್ ರಾಬರ್ಟ್ ಥಾಮಸ್ ಮೇಲೇನೇ ಈ ಆಲ್ಬಮ್ಮಲ್ಲಿ ಒಂದು ಹಾಡಿದೆ. ಅಮ್ಮ ಏವಿ ಲೀ ಹತ್ರ ಆ ಬೆಟ್ಟದ ಸೀಮೆಯ ಹಳೇ ಕಥನಗೀತೆಗಳ ಕಣಜಾನೇ ಇತ್ತು, ಸ್ಕಾಟ್ಲೆಂಡು ಐರ್ಲೆಂಡು ಕಡೆಯಿಂದ ಬಂದು ನೆಲೆಸಿದವರು ಬಾಯಿಂದ ಬಾಯಿಗೆ ಉಳಿಸ್ಕೊಂಡು ಬಂದ ಹಾಡುಗಳು, ಕೊಲೆ, ಮೋಸ, ಸತ್ತ ಮಗು, ಬರದೇ ಹೋದ ಪ್ರಿಯಕರ. ತಾತ ಪೆಂಟಕೋಸ್ಟಲ್ ಚರ್ಚಿನ ಪಾದ್ರಿ, ಅಲ್ಲಿ ಚಪ್ಪಾಳೆ ತಟ್ಕೊಂಡು ಗಂಟಲು ಬಿಚ್ಚಿ ಹಾಡೋದು ಅಭ್ಯಾಸ. ಗೋವಿನ ಹಾಡು ಕೇಳಿ ಬೆಳೆದ ನಮಗೆ ಹಾಡಲ್ಲಿ ಕಥೆ ಹೇಳೋದು ಹೊಸದೇನಲ್ಲ, ಪುಣ್ಯಕೋಟಿ ಕರುವಿನ ಹತ್ರ ಕೊನೇ ಸಲ ಮಾತಾಡೋ ಜಾಗದಲ್ಲಿ ಭಾಷೆ ಎಷ್ಟು ಸರಳವಾಗಿದೆ ನೆನಪು ಮಾಡ್ಕೊಳ್ಳಿ, ಆ ಕಿವೀಲೇ ಡಾಲೀನೂ ಕೇಳಿ.

ಅದೇ ಆಲ್ಬಮ್ಮಲ್ಲಿ 'ಇನ್ ದ ಗುಡ್ ಓಲ್ಡ್ ಡೇಸ್' ಅಂತ ಹಾಡಿದೆ, ಅದ್ರ ಹೆಸರಲ್ಲೇ ಮುಂದಕ್ಕೆ 'ಕಷ್ಟದ ಕಾಲ ಇದ್ದಾಗ' ಅಂತ ಸೇರ್ಕೊಂಡಿದೆ. ಬಡತನಾನ ಚಂದ ಮಾಡಿ ತೋರಿಸೋ ಹಾಡುಗಳು ನಂಗೆ ಹಿಡಿಸಲ್ಲ, ಇದು ಅಂಥದ್ದಲ್ಲ. ಆ ದಿನಗಳ ನೆನಪು ಎಷ್ಟು ದುಡ್ಡು ಕೊಟ್ರೂ ಬಿಟ್ಕೊಡಲ್ಲ, ಹಾಗಂತ ಎಷ್ಟು ದುಡ್ಡು ಕೊಟ್ರೂ ಮತ್ತೆ ಹಾಗೆ ಬದುಕೋಕೆ ಹೋಗಲ್ಲ ಅನ್ನೋದನ್ನ ಒಂದೇ ಉಸಿರಲ್ಲಿ ಹೇಳತ್ತೆ. ಹಳ್ಳಿಯಿಂದ ಪಟ್ಟಣಕ್ಕೆ ಬಂದವರು ಇದನ್ನ ಕೇಳಿ, ನಿಮಗೇ ಬರೆದಂಗಿರತ್ತೆ.

ಈಗ 'ಜೋಲೀನ್'. 1973ರ ಕೊನೇಲಿ ಬಂತು, ಮುಂದಿನ ವರ್ಷ ಕಂಟ್ರಿ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಹೋಯ್ತು. ಇದನ್ನ ಹೆಡ್‌ಫೋನಲ್ಲೇ ಕೇಳಿ, ಶುರುವಲ್ಲಿ ಬರೋ ಆ ಗಿಟಾರ್ ಬೆರಳಾಟ ಫೋನಿನ ಸ್ಪೀಕರಲ್ಲಿ ಅರ್ಧಕ್ಕರ್ಧ ಕಳೆದೋಗತ್ತೆ. ಹಾಡಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳನ್ನ ಬೇಡ್ಕೋತಾಳೆ, ನನ್ನ ಗಂಡನ್ನ ಬಿಟ್ಬಿಡು ಅಂತ. ನಮ್ಮ ಜನಪದದಲ್ಲಿ ಸವತಿ ಅಂದ್ರೆ ಶಾಪ ಹಾಕೋದು, ಹಂಗಿಸೋದು. ಇಲ್ಲಿ ನೋಡಿ, ಇವಳು ಅವಳ ಕೂದಲು, ಮೈಬಣ್ಣ, ದನಿ, ನಗು ಒಂದೊಂದನ್ನೂ ಹೊಗಳ್ತಾಳೆ, ಹೊಗಳ್ತಾ ಹೊಗಳ್ತಾ ತಾನು ಚಿಕ್ಕೋಳಾಗ್ತಾ ಹೋಗ್ತಾಳೆ. ಇಡೀ ಹಾಡಲ್ಲಿ ಗಂಡನಿಗೆ ಹೆಸರೇ ಇಲ್ಲ, ಅವನು ನಿದ್ದೇಲಿ ಅವಳ ಹೆಸರು ಹೇಳೋದು ಬಿಟ್ರೆ ಒಂದು ಮಾತೂ ಇಲ್ಲ. ಜೋಲೀನ್ ಏನು ಉತ್ತರ ಕೊಟ್ಟಳು ಅಂತಾನೂ ಗೊತ್ತಾಗಲ್ಲ, ಹಾಡು ಹಾಗೇ ಮುಗಿದೋಗತ್ತೆ. ಹೆಸರು ಬಂದಿದ್ದು ಆಟೋಗ್ರಾಫ್ ಕೇಳೋಕೆ ಬಂದ ಒಂದು ಪುಟ್ಟ ಹುಡುಗಿಯಿಂದ, ಕಥೆ ಬಂದಿದ್ದು ತನ್ನ ಗಂಡನ ಜೊತೆ ಸ್ವಲ್ಪ ಜಾಸ್ತೀನೇ ನಗ್ತಿದ್ದ ಒಬ್ಬ ಬ್ಯಾಂಕ್ ಉದ್ಯೋಗಿಯಿಂದ ಅಂತ ಡಾಲಿ ಹೇಳ್ಕೊಂಡಿದ್ದಾರೆ.

ಗಿಟಾರ್ ಕಲಿತಿರೋರಿಗೆ ಇದು ಒಳ್ಳೇ ಹಾಡು. ನಾಲ್ಕನೇ ಫ್ರೆಟ್‌ಗೆ ಕೇಪೋ ಹಾಕಿ, ಎ ಮೈನರ್, ಸಿ, ಜಿ, ಈ ಮೂರು ಕಾರ್ಡ್ ಬಂದ್ರೆ ಹಾಡು ಹೆಚ್ಚೂಕಮ್ಮಿ ಬಂದಂಗೆ, ಕೇಪೋ ಇಂದ ಅದು ಒರಿಜಿನಲ್ ಶ್ರುತಿಗೆ ಕೂರತ್ತೆ. ಮೊದಲು ಕಾರ್ಡ್ ಹಿಡಿದು ಸುಮ್ನೆ ತಾಳಕ್ಕೆ ತಕ್ಕಂಗೆ ಬಾರಿಸ್ತಾ ಹಾಡಿ, ಬೆರಳಾಟ ಆಮೇಲೆ ನೋಡ್ಕೊಳ್ಳಿ. ಮತ್ತೆ ಪಲ್ಲವೀಲಿ ಆ ಹೆಸರು ನಾಲ್ಕು ಸಲ ಬರತ್ತಲ್ಲ, ನಾಲ್ಕನ್ನೂ ಒಂದೇ ಥರ ಹಾಡ್ಬೇಡಿ. ಒಂದಕ್ಕಿಂತ ಒಂದು ಮೇಲೇರತ್ತೆ, ಬಾಗಿಲು ತಟ್ತಾ ತಟ್ತಾ ದನಿ ಏರೋ ಥರ. ಇದೇ ಹಾಡನ್ನ 2024ರಲ್ಲಿ ಬಿಯಾನ್ಸೆ ತಗೊಂಡು ಬೇಡ್ಕೊಳ್ಳೋದನ್ನ ಎಚ್ಚರಿಕೆ ಕೊಡೋದಾಗಿ ಬದಲಾಯಿಸಿ ಹಾಡಿದ್ರು, ಎರಡೂ ಒಂದಾದ್ಮೇಲೆ ಒಂದು ಕೇಳಿದ್ರೆ ಒರಿಜಿನಲ್‌ನಲ್ಲಿ ಎಷ್ಟು ಭಯ ಇದೆ ಅನ್ನೋದು ಇನ್ನೂ ಚೆನ್ನಾಗಿ ಕಾಣತ್ತೆ.

ಇಲ್ಲೊಂದು ಎಚ್ಚರಿಕೆ. ಡಾಲಿ ಅಂದ್ರೆ ಖುಷಿ ಖುಷಿ ಹಾಡು ಅನ್ಕೊಂಡವರು 'ಡೌನ್ ಫ್ರಮ್ ಡೋವರ್' ಕೇಳೋಕೆ ಮುಂಚೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ. 1970ರದ್ದು. ಮದುವೆ ಆಗದ ಹುಡುಗಿ, ಬಸುರಿ, ಮನೆಯವರು ಹೊರಗೆ ಹಾಕಿದಾರೆ, ಡೋವರ್‌ನಿಂದ ಅವನು ಬರ್ತಾನೆ ಅಂತ ಕಾಯ್ತಿರ್ತಾಳೆ. ಕೊನೆ ಏನಾಗತ್ತೆ ಅಂತ ಹೇಳಲ್ಲ, ಕೇಳಿ. ಕಂಟ್ರಿ ರೇಡಿಯೋದಲ್ಲಿ ಆಗಿನ ಕಾಲಕ್ಕೆ ಇಂಥದ್ದನ್ನ ಹಾಕ್ತಾನೇ ಇರ್ಲಿಲ್ಲ. ಅದಾದ್ಮೇಲೆ 1968ರ 'ಜಸ್ಟ್ ಬಿಕಾಸ್ ಐ ಆಮ್ ಎ ವುಮನ್', ಗಂಡಸು ಮಾಡಿದ್ರೆ ನಡೆಯತ್ತೆ ಹೆಂಗಸು ಮಾಡಿದ್ರೆ ಹೆಸರು ಕೆಡತ್ತಾ ಅಂತ ನೇರವಾಗಿ ಕೇಳೋ ಹಾಡು, ಆಗ ಇವರಿಗೆ ಬರೀ 22 ವರ್ಷ. 1975ರ 'ದ ಬಾರ್ಗೇನ್ ಸ್ಟೋರ್' ಹಾಡಿಗೂ ಕೆಲವು ಸ್ಟೇಷನ್‌ಗಳು ಅಶ್ಲೀಲ ಅಂತ ಬಾಗಿಲು ಹಾಕಿದ್ವು, ಆದ್ರೂ ಕಂಟ್ರಿ ಪಟ್ಟೀಲಿ ಒಂದನೇ ಜಾಗಕ್ಕೆ ಬಂತು. ಅದ್ರಲ್ಲಿ ಅಶ್ಲೀಲ ಏನೂ ಇಲ್ಲ, ತನ್ನ ಬದುಕನ್ನ ಹಳೇ ಸಾಮಾನಿನ ಅಂಗಡಿಗೆ ಹೋಲಿಸ್ಕೊಂಡಿರೋ ಹೆಂಗಸಿನ ಹಾಡು ಅದು, ಹಳೇದಾಗಿದೆ ಆದ್ರೆ ಇನ್ನೂ ಬಾಳಿಕೆ ಬರತ್ತೆ ಅಂತಾಳೆ. ಎಷ್ಟು ಮರ್ಯಾದೆ ಇದೆ ಆ ಮಾತಲ್ಲಿ.

ಇಷ್ಟು ಕೇಳಿದ್ಮೇಲೆ, ಅದಕ್ಕಿಂತ ಮುಂಚೆ ಅಲ್ಲ, 'ಐ ವಿಲ್ ಆಲ್ವೇಸ್ ಲವ್ ಯೂ' ಗೆ ಬನ್ನಿ. ಇದು ಪ್ರೇಮಿಗೆ ಬರೆದಿದ್ದಲ್ಲ ಅನ್ನೋದು ಮೊದಲು ಗೊತ್ತಿರ್ಲಿ. 1964ರಲ್ಲಿ ಹೈಸ್ಕೂಲ್ ಮುಗಿದ ಮಾರನೇ ದಿನಾನೇ ಡಾಲಿ ಬಸ್ ಹತ್ತಿ ನ್ಯಾಶ್‌ವಿಲ್‌ಗೆ ಹೋದ್ರು. ಹೋದ ದಿನಾನೇ ಬಟ್ಟೆ ಒಗೆಯೋ ಲಾಂಡ್ರಿ ಹೊರಗಡೆ ಕಾರ್ಲ್ ಡೀನ್ ಸಿಕ್ಕಿದ್ರು, 1966ರಲ್ಲಿ ಮದುವೆ ಆಯ್ತು, 2025ರ ಮಾರ್ಚಲ್ಲಿ ಅವರು ತೀರಿಕೊಳ್ಳೋವರೆಗೂ ಜೊತೆಗಿದ್ರು, ಕ್ಯಾಮೆರಾ ಮುಂದೆ ಬರ್ತಿದ್ದಿದ್ದು ಬಲು ಅಪರೂಪ. 1967ರಲ್ಲಿ ಆಗಿನ ಹೆಸರಾಂತ ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ತಮ್ಮ ಟಿವಿ ಶೋಗೆ ಡಾಲೀನ ಕರ್ಕೊಂಡ್ರು. ಅದಕ್ಕೆ ಮುಂಚೆ ಆ ಜಾಗದಲ್ಲಿದ್ದ ನಾರ್ಮಾ ಜೀನ್ ಅನ್ನೋ ಗಾಯಕಿ ಜನಕ್ಕೆ ಅಚ್ಚುಮೆಚ್ಚು, ಡಾಲಿ ಸ್ಟೇಜಿಗೆ ಬಂದ್ರೆ ಜನ ನಾರ್ಮಾ ಜೀನ್ ಎಲ್ಲಿ ಅಂತ ಕೂಗ್ತಿದ್ರು. ಪೋರ್ಟರ್ ಅವರ ಜೊತೆ ಡ್ಯೂಯೆಟ್ ಹಾಡಿಹಾಡಿ ನಿಧಾನಕ್ಕೆ ಜನ ಒಪ್ಕೊಂಡ್ರು. ಏಳು ವರ್ಷ ಆದ್ಮೇಲೆ ಡಾಲಿಗೆ ಸ್ವಂತ ದಾರಿ ಹಿಡೀಬೇಕು ಅನ್ಸ್ತು, ಪೋರ್ಟರ್ ಬಿಡೋಕೆ ತಯಾರಿಲ್ಲ, ದಿನಾ ಜಗಳ. ಮಾತಲ್ಲಿ ಹೇಳಿದ್ರೆ ಕೇಳಲ್ಲ ಅಂತ ಮನೆಗೆ ಹೋಗಿ ಹಾಡು ಬರೆದು, ಮಾರನೇ ದಿನ ಅವರ ಆಫೀಸಿಗೆ ಹೋಗಿ ಎದುರಿಗೆ ಕೂತು ಹಾಡಿದ್ರು. ಅವರು ಅತ್ತರು, ಹೋಗು ಅಂದ್ರು ಅಂತ ಡಾಲಿ ಎಷ್ಟೋ ಸಲ ನೆನೆಸ್ಕೊಂಡಿದ್ದಾರೆ. ಆಮೇಲೆ ಪೋರ್ಟರ್ ಕೇಸೂ ಹಾಕಿದ್ರು, ಅದು ರಾಜಿಯಲ್ಲಿ ಮುಗೀತು, 2007ರಲ್ಲಿ ಅವರ ಕೊನೇ ದಿನಗಳಲ್ಲಿ ಡಾಲಿ ಹೋಗಿ ಪಕ್ಕದಲ್ಲಿ ಕೂತಿದ್ರು.

ಇದನ್ನ ಮೂರು ರೂಪದಲ್ಲಿ ಈ ಕ್ರಮದಲ್ಲೇ ಕೇಳಿ. ಮೊದಲು 1974ರದ್ದು, ತುಂಬಾ ಸಣ್ಣ ದನಿ, ನಡುವೆ ಒಂದು ಚರಣಾನ ಹಾಡದೆ ಮಾತಲ್ಲೇ ಹೇಳ್ತಾರೆ, ಎದುರಿಗೆ ಕೂತಿರೋ ಒಬ್ಬನಿಗೆ ಹೇಳ್ತಿರೋ ಮಾತು ಅಂತ ಗೊತ್ತಾಗತ್ತೆ. ಆಮೇಲೆ 1982ರದ್ದು, ಒಂದು ಸಿನಿಮಾಗೆ ಮತ್ತೆ ಹಾಡಿದ್ದು, ಅದೂ ಕಂಟ್ರಿ ಪಟ್ಟೀಲಿ ಮತ್ತೆ ಒಂದನೇ ಜಾಗಕ್ಕೆ ಬಂತು. ಕೊನೇಲಿ 1992ರ ವಿಟ್ನಿ, 'ದ ಬಾಡಿಗಾರ್ಡ್' ಸಿನಿಮಾದ್ದು, ಅಮೆರಿಕದ ಬಿಲ್‌ಬೋರ್ಡ್ ಪಟ್ಟೀಲಿ 14 ವಾರ ಒಂದನೇ ಜಾಗ ಬಿಟ್ಟು ಇಳೀಲಿಲ್ಲ. ಯಾವುದು ಮೇಲು ಅಂತ ಜಗಳ ಆಡೋರನ್ನ ನೋಡಿದೀನಿ, ನಂಗೆ ಆ ಜಗಳ ಬೇಕಾಗಿಲ್ಲ. ವಿಟ್ನಿ ದನೀಲಿ ಅದು ಆಕಾಶಕ್ಕೆ ಕೇಳೋ ಹಾಡು, ಡಾಲಿ ದನೀಲಿ ಪಕ್ಕದ ಕುರ್ಚಿಗೆ ಕೇಳೋ ಹಾಡು. ಅದೇ ಪದಗಳು ಎರಡನ್ನೂ ತಾಳ್ಕೊಂಡ್ವು ಅನ್ನೋದೇ ದೊಡ್ಡದು.

ಹಾಡು ಬರೆಯೋರು, ಅದ್ರಲ್ಲೂ ಈಗ ನಮ್ಮಲ್ಲಿ ಸ್ವಂತ ಹಾಡು ಬರೆದು ಯೂಟ್ಯೂಬಿಗೆ ಹಾಕ್ತಿರೋ ಹುಡುಗ ಹುಡುಗೀರು ಇಲ್ಲಿ ಸ್ವಲ್ಪ ನಿಂತ್ಕೊಳ್ಳಿ. ಈ ಹಾಡನ್ನ ಎಲ್ವಿಸ್ ಪ್ರೆಸ್ಲಿ ಹಾಡ್ಬೇಕು ಅಂತಿದ್ರು. ಎಲ್ವಿಸ್! ರೆಕಾರ್ಡಿಂಗಿಗೆ ಇನ್ನೇನು ಒಂದು ದಿನ ಇದೆ ಅನ್ನುವಾಗ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿ ಹಾಡಿನ ಪಬ್ಲಿಷಿಂಗ್ ಹಕ್ಕಲ್ಲಿ, ಅಂದ್ರೆ ಯಾರು ಹಾಡಿದ್ರೂ ಬರೆದವರ ಕಡೆಗೆ ದುಡ್ಡು ಬರೋ ಹಕ್ಕಲ್ಲಿ, ಅರ್ಧ ಬರ್ಕೊಡಿ, ಇಲ್ದಿದ್ರೆ ಎಲ್ವಿಸ್ ಹಾಡಲ್ಲ ಅಂದ್ರು. ಡಾಲಿ ಆಗಲ್ಲ ಅಂದ್ರು, ಆ ರಾತ್ರಿ ಇಡೀ ಅತ್ತರು, ಆದ್ರೂ ಆಗಲ್ಲ ಅಂದ್ರು. ಸುತ್ತ ಇದ್ದವರೆಲ್ಲಾ ತಲೆ ಕೆಟ್ಟಿದ್ಯಾ ಅಂದಿದ್ರಂತೆ. 1966ರಲ್ಲೇ, ಇನ್ನೂ ಇಪ್ಪತ್ತು ವರ್ಷದವರಿದ್ದಾಗ, ಸೋದರಮಾವ ಬಿಲ್ ಓವೆನ್ಸ್ ಜೊತೆ ಸೇರಿ ತಮ್ಮದೇ ಪಬ್ಲಿಷಿಂಗ್ ಕಂಪನಿ ಮಾಡ್ಕೊಂಡಿದ್ದ ಹುಡುಗಿ ಇದು, ಹಾಡು ಅಂದ್ರೆ ಹೊಲ ಇದ್ದಂಗೆ, ಪಾಲಿಗೆ ಉಳೋದಕ್ಕೂ ಸ್ವಂತಕ್ಕೆ ಉಳೋದಕ್ಕೂ ವ್ಯತ್ಯಾಸ ಏನು ಅಂತ ಅಪ್ಪನ್ನ ನೋಡಿ ಗೊತ್ತಿತ್ತು ಅನ್ನೋದು ನನ್ನ ಅನಿಸಿಕೆ. ಹದಿನೆಂಟು ವರ್ಷ ಆದ್ಮೇಲೆ ವಿಟ್ನಿ ಹಾಡಿದಾಗ ಬಂದ ರಾಯಲ್ಟಿ ಪೂರ್ತಿ ಡಾಲಿ ಹಕ್ಕಿಗೇ ಬಂತು, ಅದ್ರಲ್ಲಿ ನ್ಯಾಶ್‌ವಿಲ್‌ನ ಕಪ್ಪು ಜನರ ಬಡಾವಣೇಲಿ ಒಂದು ಅಂಗಡಿ ಸಾಲಿನ ಕಟ್ಟಡ ತಗೊಂಡ್ರು, ಅದು ವಿಟ್ನಿ ಕಟ್ಟಿಸಿದ ಮನೆ ಅಂತ ಪ್ರೀತಿಯಿಂದ ಹೇಳ್ತಾರೆ. ಹಾಗಾಗಿ ನೀವು ಯಾವುದೇ ಲೇಬಲ್, ಚಾನೆಲ್, ಸಿನಿಮಾದವರ ಜೊತೆ ಸಹಿ ಹಾಕೋಕೆ ಮುಂಚೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿ, ನಾನು ಬರೆದ ಹಾಡಿನ ಹಕ್ಕು ಯಾರದ್ದು, ನಾನು ಹಾಡಿದ ಈ ರೆಕಾರ್ಡಿಂಗಿನ ಹಕ್ಕು ಯಾರದ್ದು. ಎರಡೂ ಒಂದೇ ಅಲ್ಲ. ಎರಡಕ್ಕೂ ಉತ್ತರ ಕಾಗದದ ಮೇಲೆ ಇರ್ಲಿ.

ಅಲ್ಲಿಂದ ಮುಂದಿನ ಪಾಪ್ ಕಾಲಾನ ಬೇಗ ಬೇಗ ದಾಟಿದ್ರೂ ನಡೆಯತ್ತೆ. 1977ರ 'ಹಿಯರ್ ಯೂ ಕಮ್ ಅಗೇನ್' ಚೆನ್ನಾಗಿದೆ ಆದ್ರೆ ಅದು ಇವರು ಬರೆದಿದ್ದಲ್ಲ. 1983ರಲ್ಲಿ ಕೆನ್ನಿ ರೋಜರ್ಸ್ ಜೊತೆ ಹಾಡಿದ 'ಐಲೆಂಡ್ಸ್ ಇನ್ ದ ಸ್ಟ್ರೀಮ್' ಬೀ ಜೀಸ್ ತಂಡದವರು ಬರೆದಿದ್ದು, ಕಾರಲ್ಲಿ ದೂರ ಹೋಗುವಾಗ ಹಾಕ್ಕೊಳ್ಳಿ, ಸೊಗಸಾಗಿರತ್ತೆ.

ನಟನೆಗೆ ಬಂದ್ರೆ, ಮೊದಲು ನೋಡ್ಬೇಕಾಗಿರೋದು '9 ಟು 5', 1980ರದ್ದು, ಇವರ ಮೊದಲ ಸಿನಿಮಾ. ಜೇನ್ ಫೊಂಡಾ, ಲಿಲಿ ಟಾಮ್ಲಿನ್, ಡಾಲಿ, ಮೂರು ಜನ ಆಫೀಸ್ ಹೆಂಗಸರು, ಒಬ್ಬ ಕೆಟ್ಟ ಬಾಸ್. ಇದು ಬರೀ ಕಾಮಿಡಿ ಅಲ್ಲ, 1973ರಲ್ಲಿ ಬೋಸ್ಟನ್‌ನಲ್ಲಿ ಆಫೀಸ್ ಕೆಲಸದ ಹೆಂಗಸರು ಸಂಬಳ, ಬಡ್ತಿ, ಮರ್ಯಾದೆಗಾಗಿ ಕಟ್ಕೊಂಡ ಇದೇ ಹೆಸರಿನ ನಿಜವಾದ ಸಂಘಟನೆ ಇದ್ರ ಹಿಂದಿದೆ. ಸಿನಿಮಾ ಹೇಗೆ ಮಾಡ್ತಾರೆ ಅಂತ ಗೊತ್ತಿಲ್ದೆ ಡಾಲಿ ಶೂಟಿಂಗಿಗೆ ಮುಂಚೆ ಇಡೀ ಸ್ಕ್ರಿಪ್ಟ್, ತಮ್ಮದು ಮಾತ್ರ ಅಲ್ಲ ಎಲ್ಲರ ಡೈಲಾಗೂ, ಬಾಯಿಪಾಠ ಮಾಡ್ಕೊಂಡು ಹೋಗಿದ್ರು. ಸೆಟ್ಟಲ್ಲಿ ಕಾಯ್ತಾ ಕೂತಾಗ ತಮ್ಮ ಉದ್ದ ಆಕ್ರಿಲಿಕ್ ಉಗುರುಗಳನ್ನ ಒಂದಕ್ಕೊಂದು ಉಜ್ಜಿದ್ರೆ ಟೈಪ್‌ರೈಟರ್ ಸದ್ದು ಬರ್ತಿತ್ತು, ಆ ತಾಳದ ಮೇಲೇ ಟೈಟಲ್ ಹಾಡು ಕಟ್ಟಿದ್ರು, ರೆಕಾರ್ಡಿಂಗಲ್ಲೂ ಆ ಉಗುರಿನ ಸದ್ದು ಇದೆ. 1981ರಲ್ಲಿ ಆ ಹಾಡು ಕಂಟ್ರಿ ಪಟ್ಟೀಲೂ ಪಾಪ್ ಪಟ್ಟೀಲೂ ಒಂದನೇ ಜಾಗಕ್ಕೆ ಬಂತು, ಆಸ್ಕರ್‌ಗೆ ನಾಮಿನೇಟ್ ಆಯ್ತು, ಎರಡು ಗ್ರ್ಯಾಮಿ ಬಂತು. ಬೆಳಗ್ಗೆ ಕಾಫಿ ಕುಡ್ಕೊಂಡು ಆಫೀಸಿಗೆ ಓಡೋ ಹೊತ್ತಲ್ಲಿ ಹಾಕ್ಕೊಳ್ಳಿ, ಕುಣಿಯೋಕೆ ಅನ್ಸತ್ತೆ, ಆಮೇಲೆ ಪದಗಳ ಕಡೆ ಕಿವಿ ಕೊಡಿ, ದುಡಿಯೋರ ಸಿಟ್ಟು ಪೂರ್ತಿ ಅದ್ರೊಳಗಿದೆ.

ಎರಡನೇದು 'ಸ್ಟೀಲ್ ಮ್ಯಾಗ್ನೋಲಿಯಾಸ್', 1989. ಲೂಸಿಯಾನಾದ ಸಣ್ಣ ಊರಿನ ಬ್ಯೂಟಿ ಪಾರ್ಲರ್ ನಡೆಸೋ ಟ್ರೂವಿ ಪಾತ್ರ ಡಾಲೀದು. ಸ್ಯಾಲಿ ಫೀಲ್ಡ್, ಶರ್ಲಿ ಮೆಕ್ಲೇನ್, ಆಗಿನ್ನೂ ಹೊಸಬರಾದ ಜೂಲಿಯಾ ರಾಬರ್ಟ್ಸ್, ಇಷ್ಟು ಜನ ದೊಡ್ಡ ನಟಿಯರ ನಡುವೆ ಇವರು ಎಲ್ಲೂ ನೂಕ್ಕೊಂಡು ಮುಂದೆ ಬರಲ್ಲ, ಕೂದಲು ಬಾಚ್ತಾ ಬೇರೆಯವರ ಕಥೆ ಕೇಳಿಸ್ಕೊಳ್ಳೋ ಹೆಂಗಸಾಗಿ ಇರ್ತಾರೆ ಅಷ್ಟೇ, ನಂಗೆ ಇದು ಅವರ ಅತ್ಯುತ್ತಮ ನಟನೆ ಅನ್ಸತ್ತೆ. ಕರ್ಚೀಫ್ ಪಕ್ಕದಲ್ಲಿರ್ಲಿ. 1984ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಜೊತೆ ಮಾಡಿದ 'ರೈನ್‌ಸ್ಟೋನ್' ನೋಡದಿದ್ರೂ ಏನೂ ಕಳ್ಕೊಳ್ಳಲ್ಲ.

ಸಿನಿಮಾ ಆದ್ಮೇಲೆ ಮತ್ತೆ ಹಾಡಿಗೆ ವಾಪಸ್ ಬನ್ನಿ, ಯಾಕಂದ್ರೆ ಹೆಚ್ಚಿನವರು ಇಲ್ಲೇ ನಿಲ್ಲಿಸ್ಬಿಡ್ತಾರೆ, ಆದ್ರೆ ಒಳ್ಳೇದು ಇನ್ನೂ ಬಾಕಿ ಇದೆ. ಲಿಂಡಾ ರಾನ್‌ಸ್ಟಾಟ್, ಎಮಿಲೂ ಹ್ಯಾರಿಸ್ ಜೊತೆ ಸೇರಿ 1987ರಲ್ಲಿ ಮಾಡಿದ 'ಟ್ರಿಯೊ' ಆಲ್ಬಮ್. ಮೂರು ದನಿ ಒಂದರ ಮೇಲೊಂದು ಕೂತಾಗ ಯಾವುದು ಡಾಲೀದು ಅಂತ ಹುಡುಕೋದೇ ಒಂದು ಅಭ್ಯಾಸ, ಸುಳಿವು ಬೇಕಂದ್ರೆ ಸಣ್ಣಗೆ ನಡುಗೋ ದನಿ ಹಿಡೀರಿ, ಅದೇ ಇವರು. ಆಮೇಲೆ 1999ರ 'ದ ಗ್ರಾಸ್ ಈಸ್ ಬ್ಲೂ'. ರೇಡಿಯೋದವರು ವಯಸ್ಸಾದ ಗಾಯಕಿಯರನ್ನ ಹಾಕೋದು ಬಿಟ್ಟಿದ್ದ ಹೊತ್ತಲ್ಲಿ, 53ನೇ ವಯಸ್ಸಲ್ಲಿ, ಡಾಲಿ ಪಾಪ್ ಎಲ್ಲಾ ಪಕ್ಕಕ್ಕಿಟ್ಟು ತಮ್ಮ ಬೆಟ್ಟದ ಬ್ಲೂಗ್ರಾಸ್ ಸಂಗೀತಕ್ಕೆ ಮರಳಿದ್ರು, ಡ್ರಮ್ಸ್ ಇಲ್ಲ, ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಡೊಬ್ರೊ, ಜೆರ್ರಿ ಡಗ್ಲಸ್, ಸ್ಯಾಮ್ ಬುಶ್ ಥರದ ಉಸ್ತಾದರು ನುಡಿಸಿದಾರೆ. 2001ರ 'ಲಿಟಲ್ ಸ್ಪ್ಯಾರೋ' ಇದ್ರ ತಂಗಿ ಇದ್ದಂಗೆ. ಇವೆರಡನ್ನ ಮನೇಲಿ ಎಲ್ಲರೂ ಮಲಗಿದ್ಮೇಲೆ ಕೇಳಿ.

ನೀವೂ ಏನಾದ್ರೂ ಬರೆಯೋ ಆಸೆ ಇರೋರಾದ್ರೆ ಕೇಳಿ ಸುಮ್ನಾಗ್ಬೇಡಿ. ನಾನು ಮಾಡಿದ ಒಂದು ಅಭ್ಯಾಸ ಹೇಳ್ತೀನಿ. ನಿಮ್ಮ ಮನೇಲಿ ಇದ್ದ ಒಂದು ವಸ್ತು ತಗೊಳ್ಳಿ, ಅಮ್ಮನ ಹೊಲಿಗೆ ಮಷೀನು, ಅಪ್ಪನ ಸೈಕಲ್ಲು, ಅಜ್ಜಿಯ ಎಲೆಯಡಿಕೆ ಚೀಲ, ಯಾವುದಾದ್ರೂ. ಅದು ಮನೆಗೆ ಹೇಗೆ ಬಂತು, ಯಾರು ಮುಟ್ತಿದ್ರು, ಯಾವತ್ತು ಅದ್ರಿಂದ ನಿಮಗೆ ಅವಮಾನ ಆಯ್ತು ಅಥವಾ ಹೆಮ್ಮೆ ಆಯ್ತು, ಇಷ್ಟನ್ನ ಹನ್ನೆರಡು ಸಾಲಲ್ಲಿ ಬರೀರಿ. ಪ್ರೀತಿ, ನೋವು, ತ್ಯಾಗ ಅನ್ನೋ ಪದಗಳನ್ನ ಒಂದು ಸಲಾನೂ ಹಾಕ್ಬೇಡಿ. ಬರೆದಾದ್ಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ಎಡವಿದ ಕಡೆಯೆಲ್ಲಾ ಪದ ಬದಲಾಯ್ಸಿ. ಒಳ್ಳೇ ನೋಟ್‌ಬುಕ್ ಸಿಕ್ಕಿದ್ಮೇಲೆ ಬರೀತೀನಿ ಅಂತ ಕಾಯ್ಬೇಡಿ, ಡ್ರೈಕ್ಲೀನಿಂಗ್ ಬಿಲ್ಲಿನ ಹಿಂದೇನೂ ಜಾಗ ಇರತ್ತೆ.

ಇನ್ನು ಪುಸ್ತಕದ ವಿಷ್ಯ. ಓದೋಕೆ ಬರೆಯೋಕೆ ಬರದ ಅಪ್ಪನ ಸಂಕಟ ನೋಡಿದ್ದ ಡಾಲಿ 1995ರಲ್ಲಿ ತಮ್ಮ ಕೌಂಟಿಯ ಮಕ್ಕಳಿಗೆ ಇಮ್ಯಾಜಿನೇಷನ್ ಲೈಬ್ರರಿ ಶುರು ಮಾಡಿದ್ರು. ಹುಟ್ಟಿದಾಗಿಂದ ಐದು ವರ್ಷ ಆಗೋವರೆಗೆ ಪ್ರತಿ ತಿಂಗಳು ಮಗುವಿನ ಹೆಸರಿಗೆ ಪೋಸ್ಟಲ್ಲಿ ಒಂದು ಪುಸ್ತಕ ಬರತ್ತೆ, ಮನೆಯವರು ದುಡ್ಡು ಕೊಡೋ ಹಾಗಿಲ್ಲ. ಈಗ ಕೆನಡಾ, ಇಂಗ್ಲೆಂಡು, ಐರ್ಲೆಂಡು, ಆಸ್ಟ್ರೇಲಿಯಾದಲ್ಲೂ ಇದೆ, ಇಲ್ಲೀವರೆಗೆ ಹಂಚಿದ ಪುಸ್ತಕ 20 ಕೋಟಿ ದಾಟಿದೆ. ಆ ದೇಶಗಳಲ್ಲಿರೋ ನಮ್ಮ ಕನ್ನಡದವರು, ಚಿಕ್ಕ ಮಕ್ಕಳಿದ್ರೆ ನಿಮ್ಮ ಏರಿಯಾಕ್ಕೆ ಇದು ಇದೆಯಾ ಅಂತ ಒಂದ್ಸಲ ಅವರ ವೆಬ್‌ಸೈಟಲ್ಲಿ ನೋಡಿ ಹೆಸರು ಬರೆಸಿ. ಹಿಟ್ ಹಾಡುಗಳಿಗಿಂತ ಮಕ್ಕಳು ಮಗಳನ್ನ ಪುಸ್ತಕದಮ್ಮ ಅಂತ ಕರೀತಾರೆ ಅನ್ನೋದೇ ಅವರಪ್ಪನಿಗೆ ಜಾಸ್ತಿ ಖುಷಿ ಕೊಡ್ತಿತ್ತಂತೆ. 2020ರಲ್ಲಿ ಕೊರೊನಾ ಬಂದಾಗ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಆಸ್ಪತ್ರೆಯ ಸಂಶೋಧನೆಗೆ 10 ಲಕ್ಷ ಡಾಲರ್ ಕೊಟ್ರು, ಮಾಡರ್ನಾ ಲಸಿಕೆ ಕೆಲಸಕ್ಕೂ ಅದ್ರಲ್ಲಿ ಪಾಲು ಹೋಯ್ತು.

ಅಮೆರಿಕಕ್ಕೆ ಹೋಗೋರು ಅಥವಾ ಅಲ್ಲೇ ಇರೋರು ನೋಡೋಕೆ ಹೋಗ್ಬೇಕಂದ್ರೆ, ನ್ಯಾಶ್‌ವಿಲ್‌ನಲ್ಲಿ ಆರ್‌ಸಿಎ ಸ್ಟುಡಿಯೋ ಬಿ ನೋಡಿ, ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಮ್ಮಿಂದ ಟೂರ್ ಇರತ್ತೆ, ಜೋಲೀನ್ ಹಾಡಿದ್ದು ಅದೇ ಕೋಣೇಲಿ. ಅಲ್ಲಿಂದ ಪೂರ್ವಕ್ಕೆ ಕಾರಲ್ಲಿ ಮೂರೂವರೆ ಗಂಟೆ ಹೋದ್ರೆ ಪಿಜನ್ ಫೋರ್ಜ್, 1986ರಿಂದ ನಡೀತಿರೋ ಡಾಲಿವುಡ್ ಪಾರ್ಕ್ ಇರೋದು ಅಲ್ಲಿ. ಜನವರಿ ಫೆಬ್ರವರಿಲಿ ಮುಚ್ಚಿರತ್ತೆ, ನೋಡ್ಕೊಂಡು ಹೋಗಿ. ರೈಡುಗಳಿಗೆ ಮಕ್ಕಳನ್ನ ಕಳ್ಸಿ, ನೀವು ಆ ಪುಟ್ಟ ಮರದ ಮನೆ ನಕಲು ಇದೆಯಲ್ಲ ಅಲ್ಲಿಗೆ ಹೋಗಿ. ಅಣ್ಣತಮ್ಮಂದಿರಲ್ಲಿ ಒಬ್ಬರು ಕಟ್ಟಿದ್ದು, ಒಳಗಿನ ಸಾಮಾನು ಜೋಡಿಸಿದ್ದು ಅಮ್ಮ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜನ ಇದ್ರಾ ಅಂತ ನೋಡಿದ್ಮೇಲೆ ಕೋಟಿನ ಹಾಡು ಮತ್ತೆ ಕೇಳಿ.

ವಾಪಸ್ ಬರುವಾಗ ಸೆವಿಯರ್‌ವಿಲ್ ಊರಿನ ಕೋರ್ಟ್ ಮುಂದೆ ಕಾರು ನಿಲ್ಸಿ. ಅಲ್ಲಿ 1987ರಲ್ಲಿ ಇಟ್ಟ ಡಾಲಿಯ ಕಂಚಿನ ಪ್ರತಿಮೆ ಇದೆ, ಬರಿಗಾಲಲ್ಲಿ ಬಂಡೆ ಮೇಲೆ ಗಿಟಾರ್ ಹಿಡಿದು ಕೂತ ಹುಡುಗಿ. ಜನ ಅದ್ರ ಪಕ್ಕ ನಿಂತು ಫೋಟೋ ತೆಗೆಸ್ಕೋತಾರೆ. ಅಪ್ಪ ಬದುಕಿದ್ದಾಗ ಊರೆಲ್ಲಾ ಮಲಗಿದ್ಮೇಲೆ ಗಾಡೀಲಿ ಒಂದು ಬಕೆಟ್ ಸೋಪಿನ ನೀರು, ಒಂದು ಪೊರಕೆ ಇಟ್ಕೊಂಡು ಬಂದು, ಪಾರಿವಾಳಗಳು ಗಲೀಜು ಮಾಡಿರೋದನ್ನೆಲ್ಲಾ ಉಜ್ಜಿ ತೊಳೆದು ಮಗಳನ್ನ ಚೊಕ್ಕ ಮಾಡಿ ಹೋಗ್ತಿದ್ರಂತೆ.